ಅಮೃತಮಹಲಿನ ಕಾವಲುಗಳು



ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಅರಸೀಕೆರೆಯನ್ನು ಬಿಟ್ಟಮೇಲೆ ಕಡೂರು, ಬೀರೂರು, ಅಜ್ಜಂಪುರಗಳ ಸೀಮೆಯನ್ನು ಹಾದುಹೋಗುತ್ತದೆ. ಆ ಸೀಮೆಯಲ್ಲಿ ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಇರುವಂತೆಯೇ, ನೇಗಿಲು ಮುಟ್ಟದ ವಿಸ್ತಾರವಾದ ಹುಲ್ಲಿನ ಬಯಲುಗಳೂ ಉಂಟು. ಅಲ್ಲೊಂದು ಜಾಲಿಯ ಗಿಡ, ಇಲ್ಲೊಂದು ಕಾರೆಯ ಪೊದೆ. ಮಿಕ್ಕದ್ದೆಲ್ಲ ಬರಿಯ ಹುಲ್ಲು. ಪಟ್ಟಣವಾಸಿಗಳಾದ ನಾವು ಇಂತಹ ನೆಲವನ್ನು ಕಂಡರೆ, "ಪಾಳುಬಿದ್ದಿದೆ" ಎಂದು ಹೇಳಿ ಕಣ್ಣನ್ನು ಬೇರೆ ಕಡೆಗೆ ತಿರುಗಿಸುವುದು ವಾಡಿಕೆ. ಆದರೆ ಈ ನೆಲ ಪಾಳುಬಿದ್ದದ್ದಲ್ಲ. ನಾಲ್ಕು ಶತಮಾನಗಳಿಂದ ಒಂದು ಉದ್ದೇಶಕ್ಕಾಗಿ, ಒಂದು ಕಟ್ಟುಪಾಡಿಗೆ ಒಳಪಟ್ಟು, ಸಂಬಳದ ಆಳುಗಳಿಂದ ಕಾಯಿಸಿಕೊಂಡು ಬಂದ ನೆಲ ಅದು. ಮೈಸೂರು ದೇಶದ ಅತಿ ಹಳೆಯ ಸರ್ಕಾರಿ ಇಲಾಖೆಗಳಲ್ಲಿ ಒಂದು ಅದನ್ನು ಆಳಿತು. ಇಂದಿನ ನಮ್ಮ ಮಾತು ಆ ಅಮೃತಮಹಲಿನ ಕಾವಲುಗಳನ್ನು ಕುರಿತದ್ದು.

ಮೊದಲು ಹೆಸರನ್ನು ತಿಳಿಯೋಣ. 'ಕಾವಲು' ಎಂದರೆ ಕಾಯ್ದ ನೆಲ. ಊರಿನ ದನಗಳೆಲ್ಲ ಮೇಯುವ ಗೋಮಾಳ ಬೇರೆ, ಮರಗಳು ದಟ್ಟವಾಗಿ ಬೆಳೆದ ಅಡವಿ ಬೇರೆ. ಇಂತಹ ಹಿಂಡಿಗೆ, ಇಂತಹ ಋತುವಿನಲ್ಲಿ ಎಂದು ಗೊತ್ತುಮಾಡಿ, ಉಳಿದ ಕಾಲದಲ್ಲಿ ಯಾರೂ ಪ್ರವೇಶಿಸದಂತೆ ಕಾಯ್ದಿಟ್ಟ ಹುಲ್ಲುನೆಲವೇ ಕಾವಲು. ಈ ಮಾತು ಬೆಂಗಳೂರಿನವರಿಗೆ ಅಪರಿಚಿತವಲ್ಲ. ಕಾವಲ್ ಬೈರಸಂದ್ರ, ಜಾರಕಬಂಡೆ ಕಾವಲ್ ಎಂಬ ಹೆಸರುಗಳನ್ನು ನಾವು ದಿನವೂ ಕೇಳುತ್ತೇವೆ. ಮನೆಗಳೂ ರಸ್ತೆಗಳೂ ಬಂದರೂ, ಅಲ್ಲಿ ಹಿಂದೆ ಏನಿತ್ತೆಂಬುದನ್ನು ಹೆಸರು ಮರೆತಿಲ್ಲ.

ಇನ್ನು ಈ ಇಲಾಖೆಯ ಹುಟ್ಟು. ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳು ರಾಜಧಾನಿಯಿಂದ ಉತ್ತಮವಾದ ಹಸುಗಳನ್ನು ತರಿಸಿಕೊಂಡು ಸಾಕಿದರೆಂದು ಪರಂಪರೆ. ಆ ಹಿಂಡುಗಳ ನೆಲೆಗೆ ಕರುಹಟ್ಟಿ ಎಂದು ಹೆಸರು. ೧೬೧೦ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾದಾಗ ಕರುಹಟ್ಟಿಯೂ ಮೈಸೂರಿನವರ ಕೈಗೆ ಬಂದಿತು. ಅವರ ತರುವಾಯದ ಅರಸರು ತಮ್ಮ ತಮ್ಮ ಹಿಂಡುಗಳನ್ನು ಅದಕ್ಕೆ ಸೇರಿಸಿದರು. ರಣಧೀರ ಕಂಠೀರವ ನರಸರಾಜ ಒಡೆಯರು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಿಂಡುಗಳಿಗೆಂದು ಕಾವಲುಗಳನ್ನು ಗೊತ್ತುಮಾಡಿದರು. ೧೬೭೨ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು, ಆಡಳಿತವನ್ನೆಲ್ಲ ಚಾವಡಿಗಳಾಗಿ ವಿಂಗಡಿಸಿದಂತೆ, ಇದನ್ನೂ ಒಂದು ಚಾವಡಿಯನ್ನಾಗಿ ಮಾಡಿ 'ಬೆಣ್ಣೆ ಚಾವಡಿ' ಎಂದು ಹೆಸರಿಟ್ಟರು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದೂ ಎತ್ತುಗಳನ್ನು ಬೆಳೆಸುವುದೂ ಈ ಚಾವಡಿಯ ಕೆಲಸವಾಗಿತ್ತು.

ಬೆಣ್ಣೆಯ ಇಲಾಖೆಯನ್ನು ಯುದ್ಧದ ಇಲಾಖೆಯನ್ನಾಗಿ ಮಾಡಿದವನು ಹೈದರಾಲಿ. ಅವನು ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಗೆದ್ದಂತೆಲ್ಲ ಅವರ ಕೋಟೆಗಳ ಜೊತೆಗೆ ಅವರ ದನಗಳ ಹಿಂಡುಗಳನ್ನೂ ವಶಪಡಿಸಿಕೊಂಡನು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ರಾಸುಗಳು ಹೀಗೆ ಒಂದು ಆಡಳಿತದ ಕೆಳಗೆ ಬಂದುವು. ಅವನ ಬಳಿ ೬೦,೦೦೦ ಎತ್ತುಗಳಿದ್ದುವೆಂದು ಹೇಳಿಕೆಯುಂಟು. ಟೀಪೂಸುಲ್ತಾನನು ಬೆಣ್ಣೆ ಚಾವಡಿ ಎಂಬ ಹೆಸರನ್ನು ತೆಗೆದು 'ಅಮೃತಮಹಲ್' ಎಂದು ಕರೆದನು. ಹಿಂಡುಗಳನ್ನು ಹೇಗೆ ಕಾಯಬೇಕು, ಹೇಗೆ ಎಣಿಸಬೇಕು, ಹೇಗೆ ಪಳಗಿಸಬೇಕು ಎಂಬುದಕ್ಕೆ ಹುಕುಂನಾಮೆಯನ್ನೂ ಹೊರಡಿಸಿದನು. ಅವನು ಮಡಿದು ಬಹುಕಾಲವಾದ ಮೇಲೂ ಆ ಕಟ್ಟಳೆಗಳಲ್ಲಿ ಕೆಲವನ್ನು ಇಲಾಖೆಯವರು ಪಾಲಿಸುತ್ತಿದ್ದರು.

ಒಂದು ರಾಜ್ಯಕ್ಕೆ ಎತ್ತಿನಿಂದ ಇಷ್ಟೊಂದು ಪ್ರಯೋಜನವೆ ಎಂದು ಕೇಳುವವರಿರಬಹುದು. ಆ ಕಾಲದ ಯುದ್ಧದಲ್ಲಿ ಫಿರಂಗಿಗಳನ್ನೂ ಮದ್ದುಗುಂಡುಗಳನ್ನೂ ಧಾನ್ಯವನ್ನೂ ಎಳೆಯುತ್ತಿದ್ದುದು ಎತ್ತು. ಕಾಲಾಳು ಎಷ್ಟು ಬೇಗ ನಡೆದರೂ ಫಿರಂಗಿ ಹಿಂದೆ ಉಳಿದರೆ ಆ ನಡಿಗೆಯಿಂದ ಫಲವಿಲ್ಲ. ಸಾಮಾನ್ಯ ಎತ್ತುಗಳು ದಂಡಿಗೆ ಭಾರವಾಗುತ್ತಿದ್ದರೆ, ಅಮೃತಮಹಲಿನ ಎತ್ತುಗಳು ಕಾಲಾಳಿನ ಸಮಕ್ಕೆ, ಕೆಲವು ವೇಳೆ ಅವರಿಗಿಂತ ಮುಂದಾಗಿ ನಡೆಯುತ್ತಿದ್ದುವು. ೧೭೮೧ರಲ್ಲಿ ಇಂಗ್ಲಿಷರು ಚಿದಂಬರದ ಮೇಲೆ ಬಿದ್ದಾಗ ಹೈದರಾಲಿಯು ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದು ಅದರ ನೆರವಿಗೆ ಬಂದನು. ಸೋತ ಕಾಳಗಗಳಲ್ಲಿಯೂ ಶತ್ರುವಿನ ಕಣ್ಣೆದುರಿನಲ್ಲೇ ಫಿರಂಗಿಗಳನ್ನು ಎಳೆದುಕೊಂಡು ಹಿಮ್ಮೆಟ್ಟಲು ಅವನಿಗೆ ಸಾಧ್ಯವಾದುದು ಈ ಎತ್ತುಗಳಿಂದಲೇ. ೧೭೮೩ರಲ್ಲಿ ಬಿದನೂರನ್ನು ಮರಳಿ ಪಡೆಯುವುದಕ್ಕಾಗಿ ಟೀಪುವು ಒಂದು ತಿಂಗಳಲ್ಲಿ ದಕ್ಷಿಣ ಹಿಂದೂಸ್ಥಾನವನ್ನು ಅಡ್ಡಲಾಗಿ ದಾಟಿದನು. ಮುಂದೆ ಜನರಲ್ ಮೆಡೋಸನ ಸೈನ್ಯದ ಎದುರಿನಲ್ಲಿ ಎರಡು ದಿನಗಳಲ್ಲಿ ೬೩ ಮೈಲಿ ನಡೆದನು. ಶ್ರೀರಂಗಪಟ್ಟಣವನ್ನು ಹಿಡಿದವರು ಈ ಗುಟ್ಟನ್ನು ಅರಿಯದೆ ಇರಲಿಲ್ಲ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯು ದಖನ್ನಿನ ಯುದ್ಧಗಳಲ್ಲಿ ಇವೇ ಎತ್ತುಗಳನ್ನು ನೆಚ್ಚಿದ್ದನು. ಸ್ಪೇನ್ ಪೋರ್ಚುಗಲ್‌ಗಳಲ್ಲಿ ಹೋರಾಡುವಾಗ ಅವು ತನ್ನ ಬಳಿಯಿಲ್ಲವಲ್ಲಾ ಎಂದು ಹಂಬಲಿಸಿದನೆಂದು ಹೇಳುತ್ತಾರೆ.

ಈ ರಾಸಿನ ಚರ್ಯೆಯನ್ನು ಸ್ವಲ್ಪ ವಿವರಿಸಬೇಕು. ಮೈಬಣ್ಣ ಬೂದಿಯಿಂದ ಕಪ್ಪುಬೂದಿಯವರೆಗೆ. ಮುಖದ ಮೇಲೆ ತೆಳು ಬಿಳುಪಿನ ಗುರುತುಗಳು. ಕೊಂಬುಗಳು ತಲೆಯ ನೆತ್ತಿಯಲ್ಲಿ ಒತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು, ಕಪ್ಪಾದ ಮೊನೆಯಲ್ಲಿ ಮುಗಿಯುತ್ತವೆ. ಮೈ ತೋರವಲ್ಲ, ಕಾಲು ಬಿಗಿ, ಗೊರಸು ಗಟ್ಟಿ. ಸ್ವಭಾವ ಕಡುಗೋಪದ್ದು. ವರ್ಷವಿಡೀ ಬಯಲಿನಲ್ಲೇ ಇದ್ದು, ಕೊಟ್ಟಿಗೆಯನ್ನು ಕಾಣದೆ ಬೆಳೆಯುವ ಈ ದನಗಳು ತಮ್ಮನ್ನು ಕಾಯುವವರನ್ನು ಬಲ್ಲುವು, ಬೇರೆಯವರನ್ನು ಹತ್ತಿರಕ್ಕೆ ಸೇರಿಸವು. ಇಲ್ಲಿ ಒಂದು ವಿಚಿತ್ರವುಂಟು. ಇಲಾಖೆಯ ಹೆಸರು ಮೊದಲು ಬೆಣ್ಣೆ, ಆಮೇಲೆ ಅಮೃತ. ಆದರೆ ಹಸುವಿನ ಹಾಲು ಬಲು ಕಡಮೆ, ಇದ್ದ ಹಾಲೂ ಕರುವಿನ ಪಾಲು. ಕರು ಬಲವಾಗಿ ಬೆಳೆದರೆ ತಾನೆ ಎತ್ತು ಬಲವಾಗುವುದು? ಹಾಲಿನ ರಾಸುಗಳನ್ನು ಹಾಲಿನ ಲೆಕ್ಕದಿಂದ ಅಳೆಯುವಂತೆ ಇದನ್ನು ಅಳೆಯಲಾಗದು. ಇದನ್ನು ಅಳೆಯುವುದು ದಾರಿಯ ಮೈಲಿಗಳಿಂದ.

ಇಂತಹ ದನವು ಕೊಟ್ಟಿಗೆಯಲ್ಲಿ ಹುಟ್ಟಲಾರದು. ಅದನ್ನು ಹುಟ್ಟಿಸಿದುದು ಕಾವಲು. ಕಾವಲುಗಳ ಏರ್ಪಾಡು ಹೇಗಿತ್ತೆಂಬುದನ್ನು ನೋಡಿದರೆ ನಮ್ಮ ಹಿಂದಿನವರ ತಿಳಿವಳಿಕೆಯ ಆಳವು ಗೊತ್ತಾಗುತ್ತದೆ. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲುಗಳಲ್ಲಿ ಬಹುಪಾಲು ಕೆರೆಗಳ ಅಂಗಳದಲ್ಲಿ ಇದ್ದುವು. ನೀರು ತಗ್ಗಿದಂತೆಲ್ಲ ಅಲ್ಲಿ ಹಸುರು ಹುಲ್ಲು ಏಳುತ್ತದೆ, ದಡದ ಮರಗಳ ನೆರಳೂ ಸಿಗುತ್ತದೆ. ಮಳೆಗಾಲದ ಕಾವಲುಗಳು ಎತ್ತರದ ಬಯಲುಗಳು. ಮಳೆ ಬಂದಾಗ ಮಾತ್ರ ಹಳ್ಳಕೊಳ್ಳಗಳಲ್ಲಿ ನೀರು ಹರಿಯುವ ಆ ನೆಲದಲ್ಲಿ ಹುಲ್ಲು ಆಗ ಚೆನ್ನಾಗಿ ಬರುತ್ತದೆ. ಮಳೆ ನಿಂತಮೇಲೂ ಸ್ವಲ್ಪಕಾಲ ಹಸುರೂ ತೇವವೂ ಉಳಿಯತಕ್ಕ ಸ್ಥಳಗಳನ್ನು ಚಳಿಗಾಲಕ್ಕೆ ಮೀಸಲಿಟ್ಟಿದ್ದರು. ಒಂದು ಹಿಂಡು ಒಂದರಿಂದ ಒಂದಕ್ಕೆ ಋತುಮಾನವನ್ನು ಅನುಸರಿಸಿ ಸಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾವಲುಗಳ ಒಟ್ಟು ವಿಸ್ತೀರ್ಣವು ೪ ಲಕ್ಷ ಎಕರೆಗಳಷ್ಟಿದ್ದು, ಮೈಸೂರು ಸೀಮೆಯ ಹಲವು ಜಿಲ್ಲೆಗಳಲ್ಲಿ ಹರಡಿಕೊಂಡಿತ್ತು.

ಈ ಏರ್ಪಾಡಿನ ಜೀವಾಳವು ಮೇಯಿಸುವುದರಲ್ಲಿ ಇಲ್ಲ, ಬಿಡುವುದರಲ್ಲಿ ಇದೆ. ಹಿಂಡು ಒಂದು ಕಾವಲಿನಿಂದ ಹೊರಟುಹೋದ ಮೇಲೆ ಆ ನೆಲವು ತಿಂಗಳುಗಟ್ಟಲೆ ಬಿಡುವು ಪಡೆಯುತ್ತಿತ್ತು. ಹುಲ್ಲು ತೆನೆಬಿಟ್ಟು, ಬೀಜ ಉದುರಿಸಿ, ಬೇರನ್ನು ಗಟ್ಟಿಮಾಡಿಕೊಳ್ಳುತ್ತಿತ್ತು. ಆ ಬಿಡುವನ್ನು ಕಾಯುವುದಕ್ಕಾಗಿಯೇ ಕಾವಲುಗಾರನಿದ್ದನು. ಹುಲ್ಲಿನ ವಿಷಯದಲ್ಲಿ ಒಂದು ಮಾತನ್ನು ನೆನಪಿಡಬೇಕು. ಮರವು ಬೆಳೆಯುವುದು ಕೊಂಬೆಯ ತುದಿಯಲ್ಲಿ. ಹುಲ್ಲು ಬೆಳೆಯುವುದು ಬುಡದಲ್ಲಿ. ಆದುದರಿಂದ ದನವು ಮೇಲ್ತುದಿಯನ್ನು ಕಚ್ಚಿದರೆ ಹುಲ್ಲಿಗೆ ಸಾವಿಲ್ಲ, ಮತ್ತೆ ಚಿಗುರುತ್ತದೆ. ಎಂದಿಗೂ ಮೇಯದೆ ಬಿಟ್ಟರೆ ಪೊದೆಗಳು ಮೇಲುಗೈಯಾಗಿ ಹುಲ್ಲನ್ನು ನುಂಗುವುವು. ಬಿಡುವಿಲ್ಲದೆ ಮೇಯಿಸಿದರೆ ಬುಡವೇ ಸವೆದು ಮಣ್ಣು ಹೊರಬೀಳುವುದು. ಈ ಎರಡರ ನಡುವಣ ಹದವೇ ಕಾವಲು. ಮಳೆ ಕಡಮೆಯಿರುವ ನಮ್ಮ ಬಯಲುಸೀಮೆಯಲ್ಲಿ ಕರಡ, ಗರಿಕೆ ಮೊದಲಾದ ಹುಲ್ಲುಗಳ ಬೇರುಗಳು ಮಣ್ಣನ್ನು ಹಿಡಿದುಕೊಂಡು, ಬಿದ್ದ ಮಳೆಯನ್ನು ಒಳಕ್ಕೆ ಇಳಿಸಿ, ಕೆಳಗಿನ ಕೆರೆಗೆ ಹೂಳು ತುಂಬದಂತೆ ಕಾಪಾಡುತ್ತವೆ. ಇದು ಕಣ್ಣಿಗೆ ಕಾಣದ ಕೆಲಸವಾದುದರಿಂದ ಕಂದಾಯದ ಲೆಕ್ಕಕ್ಕೆ ಬಂದಿಲ್ಲ.

ದನಗಳಿಗಾಗಿ ಕಾಯ್ದ ಈ ನೆಲದಲ್ಲಿ ಕರೆಯದೆ ಬಂದ ಅತಿಥಿಗಳು ಅನೇಕರು. ಅವರಲ್ಲಿ ಮೊದಲನೆಯದು ಕೃಷ್ಣಮೃಗ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ತಿರುಪುತಿರುಪಾಗಿ ಮೇಲಕ್ಕೆ ಏರಿದ್ದು; ಹೆಣ್ಣು ಕಂದು ಬಣ್ಣದ್ದು, ಅದಕ್ಕೆ ಕೊಂಬಿಲ್ಲ. ಅಡಗಿ ಬದುಕುವ ಪ್ರಾಣಿ ಇದಲ್ಲ. ದೂರದಿಂದಲೇ ಶತ್ರುವನ್ನು ಕಂಡು, ಗಂಟೆಗೆ ೪೦ ಮೈಲಿಗೂ ಮಿಕ್ಕ ವೇಗದಲ್ಲಿ ಓಡಿ ಬದುಕುವುದು ಇದರ ಉಪಾಯ. ಹಾಗೆ ಕಾಣಬೇಕಾದರೆ ನೋಟಕ್ಕೆ ಅಡ್ಡವಿರಕೂಡದು. ಓಡಬೇಕಾದರೆ ಮರಗಳ ಗುಂಪು ಇರಕೂಡದು. ಹುಲ್ಲಿನ ಬಯಲು ಅದಕ್ಕೆ ಕೋಟೆಯಿದ್ದಂತೆ. ಆ ಬಯಲಿನಲ್ಲಿ ಸಸಿಗಳನ್ನು ಒತ್ತಾಗಿ ನೆಟ್ಟರೆ ನಾವು ಕಾಡನ್ನು ಬೆಳೆಸಿದೆವೆಂದು ಹಿಗ್ಗುತ್ತೇವೆ. ಕೃಷ್ಣಮೃಗಕ್ಕಾದರೋ ಕೋಟೆ ಬಿದ್ದುಹೋಯಿತು.

ಕೃಷ್ಣಮೃಗವಿದ್ದಲ್ಲಿ ಹಿಂದೆ ಶಿವಂಗಿಯೂ ಇತ್ತು. ಈಗ ಎಲ್ಲರೂ ಚೀತಾ ಎಂದು ಕರೆಯುವ ಪ್ರಾಣಿಗೆ ಕನ್ನಡದಲ್ಲಿ ಇದ್ದ ಹೆಸರು ಅದು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಟೀಪುವಿನ ಬಳಿ ಬೇಟೆಗೆ ಪಳಗಿಸಿದ ಶಿವಂಗಿಗಳಿದ್ದುವು. ಆ ಪ್ರಾಣಿಯು ಭಾರತದಿಂದ ಅಳಿಯಿತೆಂದು ೧೯೫೨ರಲ್ಲಿ ಪ್ರಕಟವಾಯಿತು. ೨೦೨೨ರಲ್ಲಿ ಆಫ್ರಿಕದಿಂದ ತಂದ ಚೀತಾಗಳನ್ನು ಮಧ್ಯಪ್ರದೇಶದ ಕೂನೋ ಎಂಬಲ್ಲಿ ಬಿಟ್ಟಿದ್ದಾರೆ. ನಮ್ಮ ಸೀಮೆಯಲ್ಲಿ ಈಗ ಉಳಿದಿರುವುದು ಆ ಹೆಸರು ಮಾತ್ರ.

ತೋಳವು ಇನ್ನೂ ಉಳಿದಿದೆ. ಕಾವಲಿನ ಕುರುಚಲುಗಳಲ್ಲಿ, ಮೊರಡಿಗಳ ಇಳಿಜಾರಿನ ಬಿಲಗಳಲ್ಲಿ ಮರಿಮಾಡಿಕೊಂಡು, ಮೊಲವನ್ನೋ ಕೃಷ್ಣಮೃಗದ ಮರಿಯನ್ನೋ ಹಿಡಿದು, ಒಮ್ಮೊಮ್ಮೆ ಕುರಿಯ ಮಂದೆಗೂ ಬಾಯಿಹಾಕಿ ಅದು ಬದುಕುತ್ತದೆ. ಕುರುಬರಿಗೂ ತೋಳಕ್ಕೂ ಇರುವ ಹಗೆ ಬಲು ಹಳೆಯದು. ಆದರೂ ಬಯಲು ವಿಶಾಲವಾಗಿದ್ದ ಕಾಲದಲ್ಲಿ ಇಬ್ಬರಿಗೂ ಅಲ್ಲಿ ಎಡೆಯಿತ್ತು. ತೋಳಕ್ಕೆ ಕಾಡುಬೇಟೆ ಸಿಕ್ಕದಂತಾದಾಗ ಹೊರೆಯೆಲ್ಲ ಕುರಿಗಾಹಿಯ ಮೇಲೆ ಬೀಳುವುದು ಸಹಜ. ಇನ್ನು ಬಾಲದ ತುದಿ ಕಪ್ಪಾಗಿರುವ ಬೂದುಮೈಯ ಸಣ್ಣ ನರಿಯೊಂದುಂಟು. ಅದು ಕುರಿಯ ತಂಟೆಗೆ ಹೋಗುವುದಲ್ಲ. ಇಲಿ, ಮಿಡತೆ, ಗೆದ್ದಲು, ಬೋರೆಯ ಹಣ್ಣುಗಳೇ ಅದರ ಆಹಾರ. ಸುತ್ತಲಿನ ಹೊಲಗಳ ಇಲಿಗಳನ್ನು ಕಡಮೆಮಾಡುವುದರಲ್ಲಿ ರೈತನಿಗೆ ಅದು ಸಂಬಳವಿಲ್ಲದ ಸೇವಕ.

ಹಕ್ಕಿಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಮರವಿಲ್ಲದ ನೆಲದಲ್ಲಿ ಹಕ್ಕಿ ಗೂಡುಕಟ್ಟುವುದೆಲ್ಲಿ? ನೆಲದ ಮೇಲೆಯೆ. ನೆಲಗುಬ್ಬಿಯು ಹುಲ್ಲಿನ ಬುಡದಲ್ಲಿ ಬಟ್ಟಲಿನಂತಹ ಗೂಡನ್ನು ಹೆಣೆಯುತ್ತದೆ. ಟಿಟ್ಟಿಭವು ಹರಳುಕಲ್ಲಿನ ನಡುವೆ, ಕಲ್ಲಿನ ಬಣ್ಣದ ಮೊಟ್ಟೆಗಳನ್ನು ಇಡುತ್ತದೆ. ಲಾವುಗೆ, ಕೌಜುಗಗಳು ಪೊದೆಯ ಮರೆಯನ್ನು ಹುಡುಕುತ್ತವೆ. ಇಂತಹ ಗೂಡುಗಳು ಉಳಿಯಬೇಕಾದರೆ ಕೆಲವು ವಾರಗಳಾದರೂ ಆ ನೆಲವನ್ನು ಯಾರೂ ತುಳಿಯಕೂಡದು. ಕಾವಲಿನ ಕಟ್ಟಳೆಯು ದನಗಳ ಮೇವಿಗಾಗಿ ಹುಟ್ಟಿದ್ದು; ಆದರೆ ಅದು ಕೊಟ್ಟ ಬಿಡುವು ಈ ಗೂಡುಗಳಿಗೂ ದೊರೆಯಿತು. ಆಶ್ವಯುಜ ಕಾರ್ತಿಕಗಳಲ್ಲಿ ಮಳೆ ನಿಂತು ಹುಲ್ಲು ಹೊಂಬಣ್ಣಕ್ಕೆ ತಿರುಗಿದಾಗ ಮಧ್ಯ ಏಷ್ಯದ ಕಡೆಯಿಂದ ಸೆಳೆವಗಳು ಬರುತ್ತವೆ. ಗಿಡುಗನ ಬಳಗದ ಈ ಹಕ್ಕಿಗಳು ನೀಳವಾದ ರೆಕ್ಕೆಗಳನ್ನು ಚಾಚಿ ಹುಲ್ಲಿನ ಮೇಲೆ ತೀರ ಕೆಳಗೆ ತೇಲುತ್ತ ಮಿಡತೆಗಳನ್ನೂ ಇಲಿಗಳನ್ನೂ ಹುಡುಕುತ್ತವೆ. ರಾತ್ರಿ ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ, ಗುಂಪುಗುಂಪಾಗಿ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಎತ್ತರದ ಹುಲ್ಲು ಸಿಕ್ಕದಿದ್ದರೆ ಇಳಿಯುವುದಕ್ಕೆ ಎಡೆಯಿಲ್ಲ.

ಈ ಬಯಲುಗಳ ಹಕ್ಕಿಗಳಲ್ಲಿ ದೊಡ್ಡದಾದ ಎರ್ಲಡ್ಡುವಿನ ಗತಿಯನ್ನು ಹೇಳುವುದು ದುಃಖಕರ. ಆಳಿನ ಸೊಂಟದ ಎತ್ತರಕ್ಕೆ ನಿಲ್ಲುವ ಈ ಹಕ್ಕಿ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ದಖನ್ನಿನ ಒಣಬಯಲುಗಳಲ್ಲೆಲ್ಲ ಹಿಂದೆ ಇದು ಕಾಣುತ್ತಿತ್ತು. ಈಗ ದೇಶದಲ್ಲೆಲ್ಲ ಸೇರಿ ೨೦೦ಕ್ಕೂ ಕಡಮೆ ಉಳಿದಿದೆ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಕಾವಲುಗಳ ಸಾಲಿಗೆ ಸೇರದಿದ್ದರೂ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಉದಾಹರಣೆ ಇಲ್ಲಿ ನೆನೆಯತಕ್ಕದ್ದು. ಅಲ್ಲಿ ಕೃಷ್ಣಮೃಗಕ್ಕಾಗಿ ೧೯೭೪ರಲ್ಲಿ ೧೧೯ ಚದರ ಕಿಲೋಮೀಟರುಗಳ ಅಭಯಾರಣ್ಯವನ್ನು ಘೋಷಿಸಿದರು. ಆದರೆ ಆ ನೆಲದ ದೊಡ್ಡ ಭಾಗದಲ್ಲಿ ನೀಲಗಿರಿಯ ಮರಗಳು ಬೆಳೆದು ನಿಂತಿದ್ದುವು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡುವು, ಎರ್ಲಡ್ಡು ಹೊಂದಿಕೊಳ್ಳಲಿಲ್ಲ. ಈಚಿನ ವರ್ಷಗಳಲ್ಲಿ ಅದು ಅಲ್ಲಿ ನೆಲೆಸಿಲ್ಲ. ಹಕ್ಕಿಯನ್ನು ಯಾರೂ ಹೊಡೆಯದಿದ್ದರೂ ಅದರ ಕಾಲ ಕೆಳಗಿನ ಹುಲ್ಲನ್ನು ತೆಗೆದರೆ ಸಾಕಾಗುತ್ತದೆ.

ದನಕ್ಕೂ ಕಾಡುಮೃಗಕ್ಕೂ ಕಾವಲಿನಲ್ಲಿ ಇದ್ದ ನಂಟು ಬರಿಯ ನೆರೆಹೊರೆಯದಲ್ಲ. ದನವು ಎತ್ತರದ ಒರಟುಹುಲ್ಲನ್ನು ಮೇದು ಹೋದಮೇಲೆ ಎಳೆಚಿಗುರು ಬರುತ್ತದೆ. ಕೃಷ್ಣಮೃಗವು ಅದನ್ನು ಹುಡುಕಿ ಬರುತ್ತದೆ. ದನದ ಕಾಲ್ತುಳಿತಕ್ಕೆ ಏಳುವ ಮಿಡತೆಗಳಿಗಾಗಿ ಗೋವಕ್ಕಿಯೂ ಕಾಜಾಣವೂ ಹಿಂಡಿನ ಜೊತೆಯಲ್ಲೇ ಸಾಗುತ್ತವೆ. ಸಗಣಿಯನ್ನು ಉಂಡೆಮಾಡಿ ಉರುಳಿಸುವ ದುಂಬಿಗಳು ಅದನ್ನು ನೆಲದೊಳಕ್ಕೆ ಒಯ್ದು ಗೊಬ್ಬರಮಾಡುತ್ತವೆ. ಆ ದುಂಬಿಗಳನ್ನು ಹಕ್ಕಿಗಳು ತಿನ್ನುತ್ತವೆ. ಜನರಿಗೂ ಇದರಲ್ಲಿ ಪಾಲುಂಟು. ಚಿತ್ರದುರ್ಗದ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಗಳಲ್ಲಿ ಕುರಿಗಳನ್ನು ಮೇಯಿಸಿ ಕಂಬಳಿಯನ್ನು ನೇಯುವ ಕುಟುಂಬಗಳಿವೆ. ಮ್ಯಾಸನಾಯಕರು ತಮ್ಮ ದೇವರಿಗೆಂದು ಮೀಸಲಿಟ್ಟ ಎತ್ತುಗಳ ಹಿಂಡುಗಳನ್ನು ಇಂದಿಗೂ ಸಾಕುತ್ತಾರೆ. ಆ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳಿಗೆಲ್ಲ ಮೇವು ಬರುವುದು ಇಂತಹ ಬಯಲುಗಳಿಂದಲೇ.

ಈಗ ಇತಿಹಾಸದ ಎಳೆಯನ್ನು ಮತ್ತೆ ಹಿಡಿಯೋಣ. ಶ್ರೀರಂಗಪಟ್ಟಣ ಬಿದ್ದಮೇಲೆ ಕೆಲವು ವರ್ಷ ಹಿಂಡುಗಳ ಸ್ಥಿತಿ ಕೆಟ್ಟಿತು. ೧೮೧೩ರಲ್ಲಿ ಮದರಾಸು ಕಮಿಸರಿಯಟ್ ಇಲಾಖೆಯ ಕ್ಯಾಪ್ಟನ್ ಹಾರ್ವೆ ಎಂಬವನಿಗೆ ಇದರ ಆಡಳಿತವನ್ನು ವಹಿಸಲು, ಮತ್ತೆ ಏಳಿಗೆಯಾಯಿತು. ಆದರೆ ೧೮೬೦ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನನ ಮಿತವ್ಯಯದ ತೀರ್ಮಾನದಿಂದ ಇಡೀ ಇಲಾಖೆಯನ್ನು ಮುಚ್ಚಿ, ಹಿಂಡುಗಳನ್ನು ಹರಾಜು ಹಾಕಿದರು. ಕೆಲವು ರಾಸುಗಳು ಈಜಿಪ್ಟಿನ ಪಾಷಾನ ಪಾಲಾದುವು. ಕೆಲವನ್ನು ಮೈಸೂರಿನ ಮಹಾರಾಜರು ಕೊಂಡುಕೊಂಡರು. ಉಳಿತಾಯವೆಂದು ಮಾಡಿದುದು ನಷ್ಟವೆಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಸೈನ್ಯಕ್ಕೆ ತಕ್ಕ ಎತ್ತುಗಳು ಸಿಕ್ಕದೆ, ೧೮೬೬ರಲ್ಲಿ ಅಳಿದುಳಿದ ರಾಸುಗಳನ್ನು ಕಲೆಹಾಕಿ ಇಲಾಖೆಯನ್ನು ಮತ್ತೆ ಆರಂಭಿಸಿದರು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ೧೯೨೩ರಲ್ಲಿ ಸೈನಿಕ ಇಲಾಖೆಯಿಂದ ವ್ಯವಸಾಯದ ಇಲಾಖೆಗೆ ಬಂದಿತು. ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರವಾಯಿತು. ಅಲ್ಲಿ ಬೆಳೆದ ಹೋರಿಕರುಗಳನ್ನು ಬೀರೂರಿನಲ್ಲಿ ಹರಾಜುಹಾಕುವಾಗ ದೂರದೂರದ ರೈತರು ಬಂದು ಪೈಪೋಟಿಯಿಂದ ಕೂಗುವುದು ಪ್ರಸಿದ್ಧವಾಗಿದೆ.

೧೮೬೦ರ ಕಥೆಯಿಂದ ನಾವು ತಿಳಿಯಬೇಕಾದುದು ಒಂದುಂಟು. ಆಗ ಮಾರಿದುದು ದನಗಳನ್ನು. ಚದರಿಹೋದ ದನಗಳನ್ನು ಆರು ವರ್ಷಗಳಲ್ಲಿ ಮತ್ತೆ ಕೂಡಿಸಲಾಯಿತು; ಕೂಡಿಸಿದವನ್ನು ತಂದು ಬಿಡುವುದಕ್ಕೆ ಕಾವಲುಗಳಿದ್ದುವು. ಇಪ್ಪತ್ತನೆಯ ಶತಮಾನದಲ್ಲಿ ಆದ ನಷ್ಟವು ಬೇರೆ ಬಗೆಯದು. ದಂಡಿಗೆ ಎತ್ತು ಬೇಡವಾಯಿತು; ಮೋಟಾರು ಬಂದಿತು, ಹೊಲಕ್ಕೆ ಟ್ರ್ಯಾಕ್ಟರು ಬಂದಿತು. ಉದ್ದೇಶವೇ ಮರೆಯಾದ ನೆಲವನ್ನು ಕಂಡು ಎಲ್ಲರೂ ಕೈಚಾಚಿದರು. ಹೆಚ್ಚು ಆಹಾರವನ್ನು ಬೆಳೆಯುವುದಕ್ಕೆಂದು ಒಂದಷ್ಟು, ಭೂಮಿಯಿಲ್ಲದವರಿಗೆ ಹಂಚುವುದಕ್ಕೆಂದು ಒಂದಷ್ಟು, ನೆಡುತೋಪುಗಳಿಗೆಂದು ಒಂದಷ್ಟು, ಒತ್ತುವರಿಯಿಂದ ಮತ್ತೊಂದಷ್ಟು, ಹೀಗೆ ಕಾವಲುಗಳು ಕರಗಿದುವು. ಇವುಗಳಲ್ಲಿ ಕೆಲವು ಉದ್ದೇಶಗಳು ಒಳ್ಳೆಯವೇ ಆಗಿದ್ದುವು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಒಂದೊಂದು ಸಲವೂ ಆ ನೆಲವನ್ನು ಬರಿದಾದದ್ದೆಂದೇ ಎಣಿಸಿ ಕೊಟ್ಟರು. ೪ ಲಕ್ಷ ಎಕರೆಗಳಲ್ಲಿ ಇಂದು ಉಳಿದಿರುವುದು ಸಣ್ಣದೊಂದು ಭಾಗ ಮಾತ್ರ.

ಈಚಿನ ದೊಡ್ಡ ಪ್ರಸಂಗವು ಚಳ್ಳಕೆರೆಯದು. ೨೦೦೭ರಿಂದ ೨೦೧೦ರವರೆಗಿನ ವರ್ಷಗಳಲ್ಲಿ ಅಲ್ಲಿನ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ೮,೦೦೦ ಎಕರೆಗೂ ಮಿಕ್ಕ ನೆಲವನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶಗಳಿಗೆ ಸಂಬಂಧಿಸಿದ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಮಂದಿರಕ್ಕೂ ಕೊಟ್ಟರು. ಸುತ್ತಲಿನ ಹಳ್ಳಿಗಳವರು ಬೇಲಿಯೆದ್ದಾಗ ಮೇವಿನ ದಾರಿ ಮುಚ್ಚಿಹೋಯಿತೆಂದು ದೂರಿದರು. ವ್ಯವಹಾರವು ಹಸುರು ನ್ಯಾಯಾಧಿಕರಣದವರೆಗೂ ಹೋಯಿತು. ೨೦೧೪ರಲ್ಲಿ ಬಂದ ತೀರ್ಪು ಯೋಜನೆಗಳನ್ನು ನಿಲ್ಲಿಸಲಿಲ್ಲ. ವಿಜ್ಞಾನವೂ ದೇಶರಕ್ಷಣೆಯೂ ಬೇಕಾದುವೇ. ಹೈದರನ ಕಾಲದಲ್ಲಿ ಕಾವಲು ಕಾಯಿಸಿಕೊಂಡುದೂ ರಕ್ಷಣೆಗಾಗಿಯೇ ಅಲ್ಲವೆ? ವ್ಯತ್ಯಾಸವಿಷ್ಟೆ: ಅಂದಿನ ರಕ್ಷಣೆಗೆ ಹುಲ್ಲು ಬೇಕಾಗಿತ್ತು, ಇಂದಿನದಕ್ಕೆ ನೆಲ ಮಾತ್ರ ಸಾಕು.

ಸಮಾಧಾನದ ಮಾತೂ ಒಂದುಂಟು. ಕಡೂರು ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲನ್ನು ೨೦೧೧ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದು ೭೩೬ ಹೆಕ್ಟೇರುಗಳ ನೆಲ. ದೊಡ್ಡದೇನೂ ಅಲ್ಲ, ಆದರೆ ಅಲ್ಲಿ ಅಮೃತಮಹಲಿನ ರಾಸುಗಳೂ ಕೃಷ್ಣಮೃಗಗಳೂ ಒಂದೇ ಹುಲ್ಲನ್ನು ಮೇಯುತ್ತವೆ, ತೋಳವೂ ಸುಳಿಯುತ್ತದೆ, ಚಳಿಗಾಲದಲ್ಲಿ ಸೆಳೆವಗಳು ಇಳಿಯುತ್ತವೆ. ದನವನ್ನು ಹೊರಗಟ್ಟಿ ಮೃಗವನ್ನು ಕಾಪಾಡಬೇಕು ಎಂಬ ವಾದವನ್ನಾಗಲಿ, ಮೃಗವನ್ನು ಹೊರಗಟ್ಟಿ ದನವನ್ನು ಸಾಕಬೇಕು ಎಂಬ ವಾದವನ್ನಾಗಲಿ ಅಲ್ಲಿನ ಹುಲ್ಲು ಒಪ್ಪುವುದಿಲ್ಲ. ಎರಡೂ ಕೂಡಿಯೇ ಆ ನೆಲವನ್ನು ಇಂದಿನವರೆಗೆ ತಂದಿವೆ.

ಆದುದರಿಂದ ಉಳಿದ ಕಾವಲುಗಳ ವಿಷಯದಲ್ಲಿ ಆಗಬೇಕಾದ ಕೆಲಸವು ಹೊಸದೇನೂ ಅಲ್ಲ. ಯಾವ ಕಾವಲು ಯಾವ ಋತುವಿಗೆ ತಕ್ಕದ್ದೆಂಬುದನ್ನು ಮತ್ತೆ ಗುರುತಿಸಬೇಕು. ಮೇಯಿಸುವ ಕಾಲವನ್ನೂ ಬಿಡುವಿನ ಕಾಲವನ್ನೂ ಗೊತ್ತುಮಾಡಬೇಕು. ಅದರಲ್ಲಿ ಸುತ್ತಲಿನ ಕುರಿಗಾಹಿಗಳಿಗೂ ದನಗಾಹಿಗಳಿಗೂ ಪಾಲಿರಬೇಕು. ಹುಲ್ಲಿನ ನೆಲದಲ್ಲಿ ಮರಗಳನ್ನು ತುಂಬುವ ಉತ್ಸಾಹವನ್ನು ಬೇರೆ ಕಡೆಗೆ ತಿರುಗಿಸಬೇಕು. ಎಲ್ಲಕ್ಕಿಂತ ಮೊದಲು, ದಾಖಲೆಗಳಲ್ಲಿಯೂ ನಮ್ಮ ಮಾತಿನಲ್ಲಿಯೂ ಈ ನೆಲಕ್ಕೆ ಅಂಟಿರುವ 'ಪಾಳು' ಎಂಬ ಹೆಸರನ್ನು ತೆಗೆಯಬೇಕು. ಪಾಳು ಎಂದು ಕರೆದದ್ದನ್ನು ಯಾರಿಗೆ ಬೇಕಾದರೂ ಕೊಟ್ಟುಬಿಡಬಹುದು. ಕಾವಲು ಎಂದು ಕರೆದದ್ದನ್ನು ಕೊಡುವ ಮುನ್ನ, ಯಾರಿಗಾಗಿ ಕಾಯ್ದದ್ದು ಎಂದು ಒಂದು ಸಲವಾದರೂ ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಉಳಿದರೆ ಕಾವಲೂ ಉಳಿದೀತು.